ಆರು ದಿನ ಅನ್ನ, ಒಂದು ದಿನ ರೊಟ್ಟಿ

ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳುವವನ ಕಿಸೆ ತಿಂಗಳ ಇಪ್ಪತ್ತಕ್ಕೇ ಖಾಲಿಯಾಗುತ್ತದೆ ಎಂಬುದು ಹೊರಗೆ ಗೊತ್ತಾಗಬಾರದ ಮಾತು. ಹೋದ ವರ್ಷ ಒಂದು ಭಾನುವಾರ ಮೊಬೈಲಿನಲ್ಲಿ ಯಾರೋ ಹೆಣ್ಣುಮಗಳು, ಥಳಥಳ ಹೊಳೆಯುವ ಅಡುಗೆಮನೆಯಲ್ಲಿ ನಿಂತು, ವಾರದ ಊಟವನ್ನು ಮೊದಲೇ ಬರೆದಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ ಎಂದಳು. ನಂಬಿಬಿಟ್ಟೆ. ಆ ಅಡುಗೆಮನೆಯಲ್ಲಿ ದೇವದುರ್ಗ ಕಡೆಯ ಮುದುಕಿ ಒಬ್ಬಳೂ ಇರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾವು ಐದು ಜನ: ನಾನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನನ್ನ ಅವ್ವ. ಅವ್ವ ದೇವದುರ್ಗ ತಾಲೂಕಿನ ಹಳ್ಳಿಯವಳು. ದಿನಾ ರೊಟ್ಟಿ ಬಡಿಯುತ್ತಿದ್ದವಳು ಅವಳೇ. ಜೋಳದ ರೊಟ್ಟಿಯಿಲ್ಲದ್ದನ್ನು ಊಟವೆಂದು ಕರೆದವಳೂ ಅಲ್ಲ. ಹೆಂಡತಿ ಮಾನ್ವಿ ಕಡೆ ಕಲ್ಲೂರಿನವಳು. ಅಲ್ಲಿ ಅವಳ ಅಣ್ಣನಿಗೆ ಭತ್ತದ ಗದ್ದೆ. ವರ್ಷಕ್ಕಾಗುವಷ್ಟು ಅಕ್ಕಿ ಚೀಲಗಟ್ಟಲೆ ಕಳಿಸುತ್ತಾನೆ, ದುಡ್ಡು ಕೊಟ್ಟರೆ ಮುಟ್ಟುವುದಿಲ್ಲ. ಜೋಳವನ್ನು ಮಾತ್ರ ಕೊಳ್ಳಬೇಕು. ಒಂದು ಕಾಲದಲ್ಲಿ ಬಡವರ ಕಾಳಾಗಿದ್ದ ಅದರ ರೇಟು ಕೇಳಿದರೆ ಈಗ ಬಾದಾಮಿ ಅಂಗಡಿಗೆ ಬಂದೆನೇನೋ ಎನ್ನಿಸುತ್ತದೆ.

ನನ್ನಂಥ ಪಂಡಿತನಿಗೆ ಇನ್ನೇನು ಬೇಕು? ಪಟ್ಟಿ ಬರೆದೆ. ಆರು ದಿನ ಎರಡೂ ಹೊತ್ತು ಅನ್ನ. ಭಾನುವಾರ ರಾತ್ರಿ ರೊಟ್ಟಿ, ಅದೂ ಪಕ್ಕದ ಓಣಿಯ ರೊಟ್ಟಿ ಕೇಂದ್ರದಿಂದ ತಂದದ್ದು, ಮನೆಯ ಗ್ಯಾಸ್ ಉಳಿಯಲಿ ಎಂದು. ರೊಟ್ಟಿಗೆ ಹಚ್ಚಿಕೊಳ್ಳುವ ಹುಳಿಸೊಪ್ಪಿನ ಪುಂಡಿಪಲ್ಯವನ್ನು ಅನ್ನಕ್ಕೇ ಕಲಸಿಕೊಳ್ಳತಕ್ಕದ್ದು ಎಂದು ಕೆಳಗೆ ಷರಾ ಬೇರೆ ಬರೆದೆ.

ಎಲ್ಲರನ್ನೂ ಕೂರಿಸಿ ಓದಿದಾಗ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಅವ್ವ ಕೇಳಿದ್ದು ಒಂದೇ ಮಾತು: “ನನಗೇನು ಜ್ವರ ಬಂದಾವೇನಪ್ಪಾ, ದಿನಾ ಅನ್ನ ಉಣ್ಣಾಕ?”

ಅವಳ ಕಾಲದಲ್ಲಿ ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಯಾರಾದರೂ ಮಲಗಿದರೆ. ಕಾಲ ಬದಲಾಗಿದೆ ಎಂದು ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಕೊನೆಯ ಬೆಂಚಿನ ಹುಡುಗರು ಕೇಳುವಷ್ಟೇ ಶ್ರದ್ಧೆಯಿಂದ ಅವ್ವ ಕೇಳಿದಳು.

ಮಂಗಳವಾರದಿಂದಲೇ ಅವಳಿಗೆ ಹಸಿವು ಹೋಯಿತು. ಎರಡು ತುತ್ತು ಅನ್ನ ಬಾಯಿಗಿಟ್ಟು ತಾಟು ಸರಿಸುತ್ತಿದ್ದಳು. ಹೊಟ್ಟೆಯುಬ್ಬರ ಇರಬೇಕೆಂದು ಪಟ್ಟಿಯಿಂದ ಉಳಿಸಿದ ದುಡ್ಡಿನಲ್ಲಿ ಗುಳಿಗೆ ತಂದುಕೊಟ್ಟೆ. ಗುಳಿಗೆಯನ್ನೂ ನುಂಗಲಿಲ್ಲ. ಎರಡನೆಯ ವಾರಕ್ಕೆ ನನಗೆ ನಿಜವಾಗಿಯೂ ಭಯ ಹತ್ತಿತು. ಅಪ್ಪ ಹೋಗುವ ಮುಂಚೆ ಹೀಗೆಯೇ ಒಂದೊಂದೇ ತುತ್ತು ಬಿಡುತ್ತಾ ಹೋಗಿದ್ದ. ರಾತ್ರಿ ಊಟಕ್ಕೆ ಕೂತರೆ ನನ್ನ ಕಣ್ಣು ಅವಳ ತಾಟಿನ ಮೇಲೆಯೇ ಇರುತ್ತಿತ್ತು. ಆದರೂ ಪಟ್ಟಿ ಬದಲಿಸಲಿಲ್ಲ. ಓದಿದವನ ಹಟ ನೋಡಿ. ಮಧ್ಯಾಹ್ನ ಅವಳು ಮಠಕ್ಕೆ ಪುರಾಣ ಕೇಳಲು ಹೋಗುತ್ತಾಳೆಂದು ಹೆಂಡತಿ ಹೇಳಿದ್ದಳು. ದೇವರ ಕಡೆ ಮನಸ್ಸು ತಿರುಗಿದೆ ಎಂದುಕೊಂಡು ಇನ್ನಷ್ಟು ಹೆದರಿದೆ.

ಮೂರನೆಯ ವಾರ, ಒಂದು ಬುಧವಾರ, ಕಾಲೇಜು ಅರ್ಧ ದಿನಕ್ಕೇ ಬಿಟ್ಟಿತು. ರೊಟ್ಟಿ ಕೇಂದ್ರದ ಮುಂದೆ ಬರುವಾಗ ಒಳಗಿಂದ ರಪರಪ ಸಪ್ಪಳ. ಆ ಕೈಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಇಣುಕಿದೆ. ಹಂಚಿನ ಮುಂದೆ ಮಣೆ ಹಾಕಿಕೊಂಡು, ಸೆರಗು ಸಿಗಿಸಿಕೊಂಡು, ಅವ್ವ ರೊಟ್ಟಿ ಬಡಿಯುತ್ತಿದ್ದಳು.

ಕೇಂದ್ರ ನಡೆಸುವಾಕೆ ನನ್ನನ್ನು ಕಂಡು ಸಂಕೋಚವಿಲ್ಲದೆ ಕರೆದಳು. “ಬರ್ರಿ ಸರ. ಅವ್ವಾರು ದಿನಾ ಬರ್ತಾರ. ರೊಕ್ಕ ಕೊಟ್ರ ಒಲ್ಲೆ ಅಂತಾರ, ಎರಡು ರೊಟ್ಟಿ ಉಂಡು ಹೋಗ್ತಾರ.”

ಮುಚ್ಚಿಡುವುದೇಕೆ, ಅವ್ವ ಉಣ್ಣುತ್ತಿದ್ದಾಳೆ ಎಂಬ ಸಮಾಧಾನ ನನಗೆ ಮೊದಲು ಬರಲಿಲ್ಲ. ಓಣಿಯಲ್ಲಿ ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿ ನೋಡಿದೆ. ಲೆಕ್ಚರರ್ ತಾಯಿ ಹೊಟ್ಟೆಪಾಡಿಗೆ ರೊಟ್ಟಿ ಬಡಿಯುತ್ತಾಳೆ ಎಂದರೆ ನನ್ನ ಮರ್ಯಾದೆಯ ಗತಿ? ಭಾನುವಾರ ನಾನು ದುಡ್ಡು ಕೊಟ್ಟು ತಂದು, ಇವರ ರೊಟ್ಟಿ ಬಹಳ ಮೆತ್ತಗಿದೆ ಎಂದು ಹೊಗಳಿ ತಿಂದದ್ದು ಆಮೇಲೆ ನೆನಪಾಯಿತು. ಆಗ ಮನೆಯವರೆಲ್ಲ ತಲೆ ತಗ್ಗಿಸಿಕೊಂಡಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಪಟ್ಟಿ ಬರೆದ ಜಾಣನೊಬ್ಬನನ್ನು ಬಿಟ್ಟು.

“ಏನ್ ಬೇ ಯವ್ವಾ, ನಿನಗ ನಾ ಹೊಟ್ಟಿಗೆ ಹಾಕಿಲ್ಲೇನು?” ಎಂದೆ.

ಅವ್ವ ರೊಟ್ಟಿ ಮಗುಚಿ ಹಾಕಿದಳು. “ಹಾಕೀದಿ. ಏನ್ ಬೇಕು ಅಂತ ಕೇಳಿಲ್ಲ.”

ಇವತ್ತೇ ಜೋಳ ತರುತ್ತೇನೆ, ಏಳು ಎಂದೆ. ಹೇಳಿದಷ್ಟು ರೊಟ್ಟಿ ಇನ್ನೂ ಆಗಿಲ್ಲ, ಕೂಡು ಎಂದಳು. ಕೂತೆ. ಎಲ್ಲ ಮುಗಿದ ಮೇಲೆ ಕೇಂದ್ರದಾಕೆ ಅವ್ವನ ತಾಟಿಗೆ ಅವಳ ಪಾಲಿನ ಎರಡು ಬಿಸಿ ರೊಟ್ಟಿ ಹಾಕಿದಳು. ಅವ್ವ ಅದರಲ್ಲಿ ಒಂದನ್ನು ನನ್ನ ಕೈಗಿಟ್ಟಳು.

“ಏನ್ ಬೇಕು ನಿನಗ, ಬದನಿಕಾಯಿ ಪಲ್ಯಾನೋ, ಶೇಂಗಾ ಹಿಂಡೀನೋ?”

ನಾಚಿಕೆಯಿಲ್ಲದೆ ಎರಡೂ ಎಂದೆ.