ಸಾರನಾಥದ ಕೆಂಪು ಕಾರು ಮತ್ತು ಒಂದು ಬೊಗಸೆ ನೀರು

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸ್ಕೂಟರು ಕೊಳ್ಳಲೆಂದು ಕೂಡಿಟ್ಟಿದ್ದ ಹಣದಲ್ಲಿ ಇಟಲಿಯ ರೇಸಿನ ಕಾರೊಂದನ್ನು ಕೊಳ್ಳುವುದೆಂದು ನಾನು ತೀರ್ಮಾನಿಸಿದೆ. ತೀರ್ಮಾನ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ಆಸೆಪಟ್ಟೆ ಎಂದರೆ ಹಗುರವಾಗುತ್ತದೆ. ಮೂರು ತಲೆಮಾರಿನಿಂದ ಕಾಶಿಯಲ್ಲಿ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತ ಬಂದ ಮನೆತನ ನಮ್ಮದು. ಹಗುರವಾದ ಕೆಲಸ ಮಾಡಿದವರು ನಮ್ಮಲ್ಲಿ ಯಾರೂ ಇಲ್ಲ.

ಕಾರಿದ್ದದ್ದು ಸಾರನಾಥದಲ್ಲಿ, ವಯಸ್ಸಾದ ಜಮೀನ್ದಾರರೊಬ್ಬರ ತೋಟದ ಮನೆಯಲ್ಲಿ. ಅವರ ತೋಟದ ಬಿಲ್ವಪತ್ರೆ ತರಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಒಂದು ಸಲ ಪತ್ರೆಯ ಬುಟ್ಟಿ ಹಿಡಿದು ಹಿತ್ತಲಿಗೆ ಬಂದರೆ ಅದು ನಿಂತಿತ್ತು. ಕೆಂಪು ಬಣ್ಣ, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುತ್ತದೋ ಎನ್ನುವಷ್ಟು ತಗ್ಗು. ಮೂತಿ ಎಷ್ಟು ಉದ್ದವೆಂದರೆ ಅದು ಬಂದು ಸ್ವಲ್ಪ ಹೊತ್ತಾದ ಮೇಲೆ ಓಡಿಸುವವನು ಬರಬೇಕು. ಜಮೀನ್ದಾರರ ತಂದೆ ಹಡಗಿನಲ್ಲಿ ತರಿಸಿದ್ದಂತೆ. ಅವರು ಎಂಜಿನ್ನು ಹಚ್ಚಿ ತೋರಿಸಿದರು. ನಲವತ್ತು ವರ್ಷ ಶಂಖದ ಧ್ವನಿ ಕೇಳಿದ ಕಿವಿ ನನ್ನದು. ಅಂಥ ನಾದವನ್ನು ಕೇಳಿರಲಿಲ್ಲ.

ಬಿಡಿಭಾಗ ಸಿಗದ ಕಾರಾದ್ದರಿಂದ ಅವರು ಕೇಳಿದ್ದು ಎರಡು ಸ್ಕೂಟರಿನ ಬೆಲೆ. ನನ್ನಲ್ಲಿದ್ದದ್ದು ಒಂದರದು. ಮಿಕ್ಕದ್ದಕ್ಕೆ ಕಾರ್ತಿಕ ಮಾಸದ ಯಾತ್ರಿಕರಿದ್ದಾರೆ ಎಂಬ ಧೈರ್ಯದ ಮೇಲೆ, ಗುರುವಾರ ಸಂಜೆ ಮುಂಗಡ ತರುತ್ತೇನೆಂದು ಹೇಳಿ ಬಂದೆ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಈ ಆಕ್ಷೇಪವನ್ನು ನಾನೇ ಎತ್ತಿ ನಾನೇ ತಳ್ಳಿಹಾಕಿದೆ: ಈಜು ಬಾರದವರೇ ಹೆಚ್ಚಾಗಿ ಗಂಗೆಗಿಳಿಯುತ್ತಾರೆ.

ಮನೆಯಲ್ಲಿ ವಿಷಯ ಮಂಡಿಸಿದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು.

“ಎರಡೇ ಸೀಟಾ?” ಎಂದಳು. “ಒಂದರಲ್ಲಿ ನೀವು. ಇನ್ನೊಂದರಲ್ಲಿ ಒಬ್ಬ ಯಾತ್ರಿಕ. ಸ್ಟೇಷನ್ನಲ್ಲಿ ಉಳಿದ ಹತ್ತು ಜನ?”

“ಒಬ್ಬೊಬ್ಬರನ್ನೇ ಕರ್ಕೊಂಡು ಬರ್ತೀನಿ.”

“ಕೊನೆಯವರನ್ನ ತರೋ ಹೊತ್ತಿಗೆ ಮುಂದಿನ ವರ್ಷದ ತಿಥಿ ಬಂದಿರತ್ತೆ. ಇರಲಿ, ಗಾಡಿ ನಿಲ್ಲಿಸೋದೆಲ್ಲಿ?”

ಇದಕ್ಕೆ ನಾನು ಸಿದ್ಧನಾಗಿದ್ದೆ. ಶಿವಾಲದ ನಮ್ಮ ಗಲ್ಲಿಯನ್ನು ಬೆಳಿಗ್ಗೆಯೇ ಪಂಚೆ ಹಿಡಿದು ಅಳೆದಾಗಿತ್ತು. ಹಸು ಎದುರಾದರೆ ಮನುಷ್ಯ ಹಿಂದಕ್ಕೆ ಸರಿಯಬೇಕಾದ ಗಲ್ಲಿ ಅದು. ಆದ್ದರಿಂದ ಕಾರು ದೊಡ್ಡ ರಸ್ತೆಯಲ್ಲಿ ಪಾನ್ ಅಂಗಡಿಯ ಮಗ್ಗುಲಿಗೆ ನಿಲ್ಲತಕ್ಕದ್ದು, ನಾನು ಅಲ್ಲಿಯವರೆಗೆ ನಡೆಯತಕ್ಕದ್ದು ಎಂದು ನಿರ್ಣಯವಾಗಿತ್ತು.

“ಪಾನ್ ಅಂಗಡಿಗೆ ಹತ್ತು ನಿಮಿಷ, ಘಾಟಿಗೆ ಐದು,” ಎಂದಳು. “ಘಾಟಿಗೆ ಹೋಗೋಕೆ ಕಾರು ಬೇಕೇನ್ರಿ ನಿಮಗೆ?”

“ಬೇಕು ಅಂತ ಯಾರು ಹೇಳಿದ್ರು? ಕೊಳ್ತೀನಿ ಅಂದೆ, ಅಷ್ಟೆ.”

ಅವಳು ಒಂದು ಕಲ್ಲು ಹೆಕ್ಕಿ ಹೊರಗೆಸೆದಳು. ನಾನು ಕದಲಲಿಲ್ಲ.

ಆ ಗುರುವಾರ ಬೆಳಿಗ್ಗೆ ಕೇದಾರ ಘಾಟಿನಲ್ಲಿ ನನ್ನ ಮುಂದೆ ಕೂತಿದ್ದದ್ದು ತುಮಕೂರು ಕಡೆಯ ಒಬ್ಬ ಅಜ್ಜಿ ಮತ್ತು ಅವರ ಮಗ. ಅಜ್ಜಿಯ ಯಜಮಾನರಿಗೆ ಹಿಂದಿನ ದಿನ ಪಿಂಡ ಹಾಕಿಸಿದ್ದೆ. ಈ ದಿನದ್ದು ಬಿಡುವ ಶಾಸ್ತ್ರ. ಕಾಶಿಗೆ ಬಂದವರು ಪ್ರಿಯವಾದ ಒಂದು ತಿನಿಸನ್ನು ಗಂಗೆಯೆದುರು ಜನ್ಮಕ್ಕೆ ಬಿಡಬೇಕಷ್ಟೆ. ಹೆಚ್ಚಿನವರು ಹಾಗಲಕಾಯಿ ಬಿಡುತ್ತಾರೆ. ನಮ್ಮ ಜನ ಗಂಗೆಗೆ ಒಪ್ಪಿಸಿದ ಹಾಗಲಕಾಯಿಯನ್ನೆಲ್ಲ ಪೇರಿಸಿದರೆ ಆಚೆ ದಡಕ್ಕೊಂದು ಸೇತುವೆಯಾದೀತು. ಈ ಅಜ್ಜಿ ಮಾತ್ರ ಬದನೆಕಾಯಿ ಎಂದರು. ಹೇಳಿದ ಮೇಲೂ ಬೇರೆ ತರಕಾರಿ ಆದೀತೇ ಎಂಬಂತೆ ಮಗನ ಮುಖ ನೋಡಿದರು. ಎಣ್ಣೆಗಾಯಿಯ ಮೇಲೆ ಅಂಥ ಪ್ರೀತಿ.

ಪದ್ಧತಿ ಹೀಗೆ: ಅವರ ಅಂಗೈಯಲ್ಲಿ ನೀರು, ನಾನು ಒಂದೊಂದೇ ತುಂಡು ಹೇಳಿಕೊಡುವುದು, ಅವರು ಕಣ್ಣು ಮುಚ್ಚಿ ಹಾಗೆಯೇ ಹೇಳುವುದು, ಕೊನೆಗೆ ನೀರನ್ನು ಹೊಳೆಗೆ ಬಿಡುವುದು.

“ಗಂಗಾಮಾತೆಯ ಸನ್ನಿಧಿಯಲ್ಲಿ,” ಎಂದೆ. ಅಜ್ಜಿ ಹೇಳಿದರು.

“ನನಗೆ ಅತ್ಯಂತ ಪ್ರಿಯವಾದ,” ಎಂದೆ. ಹೇಳಿದರು.

“ಕಾರನ್ನು ಈ ಜನ್ಮಕ್ಕೆ ತ್ಯಜಿಸುತ್ತೇನೆ,” ಎಂದೆ. ಅದನ್ನೂ ಹೇಳಿ ನೀರು ಬಿಟ್ಟರು. ಆಮೇಲೆ ಕಣ್ಣು ತೆರೆದರು.

“ಭಟ್ರೇ, ಈಗ ನಾನೇನ್ ಬಿಟ್ಟೆ?”

ಮಗನಿಗೆ ನಗು ತಡೆಯಲಾಗಲಿಲ್ಲ. “ನಮ್ ಕಾರು ಬಿಟ್ಟೆ ಕಣಮ್ಮ. ಇನ್ಮೇಲೆ ಸೋಮವಾರ ದೇವಸ್ಥಾನಕ್ಕೆ ಬಸ್ಸಲ್ಲೇ ಹೋಗು.”

“ನೀನ್ ಸುಮ್ನಿರೋ.”

“ಬಾಯಿ ತಪ್ಪಿತು ತಾಯಿ,” ಎಂದೆ. “ಅದು ಲೆಕ್ಕಕ್ಕಿಲ್ಲ. ಮನಸ್ಸು ಎಲ್ಲೋ ಇತ್ತು. ಇನ್ನೊಂದ್ಸಲ ಹೇಳೋಣ.”

ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನನ್ನೇ ನೋಡಿದರು. “ನಿನ್ನೆ ನಮ್ ಯಜಮಾನ್ರಿಗೆ ಪಿಂಡ ಹಾಕ್ಸುವಾಗ ಎಲ್ಲಿತ್ತು?”

ಮಗನ ನಗು ನಿಂತಿತು.

ಇಪ್ಪತ್ತೈದು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. ಹಿಂದಿನ ದಿನವನ್ನು ಪ್ರಾಮಾಣಿಕವಾಗಿ ಹುಡುಕಿದೆ. ಅನ್ನ ಸ್ವಲ್ಪ ಬಿಸಿಯಿದ್ದು ಉಂಡೆ ಕಟ್ಟಲು ಮಗ ಒದ್ದಾಡಿದ್ದು, ಯಜಮಾನರ ತಾತನ ಹೆಸರು ಅವನಿಗೆ ತಿಳಿಯದೆ ಅಜ್ಜಿಯೇ ಹಿಂದಿನಿಂದ ಹೇಳಿದ್ದು, ಎಲ್ಲ ನೆನಪಾಯಿತು.

“ಪಿಂಡದಲ್ಲೇ ಇತ್ತು ತಾಯಿ,” ಎಂದೆ.

“ಹಂಗಾದ್ರೆ ನಿನ್ನೆದು ಲೆಕ್ಕಕ್ಕುಂಟು, ಇವತ್ತಿಂದು ಇಲ್ಲ ಅಂತೀರಾ? ಹೆಂಗೆ ಗೊತ್ತಾಗ್ಬೇಕು ನಮ್ಗೆ?”

ಹೇಳಿಕೊಡುವವನಿಗೆ ಸಂಕಲ್ಪ ಅಂಟುವುದಿಲ್ಲ. ಅಂಟುವುದಿದ್ದರೆ ನಾನು ಎಂದೋ ಸಕಲ ತರಕಾರಿ ತ್ಯಜಿಸಿ ಗಾಳಿ ತಿಂದು ಬದುಕಬೇಕಿತ್ತು. ಈ ವಾದ ನಾಲಿಗೆಯ ತುದಿಯವರೆಗೂ ಬಂತು. ಆದರೆ ಆ ತರಕಾರಿಗಳೆಲ್ಲ ಅವರವರು ಕೇಳಿ ಹೇಳಿಸಿದವು. ಕಾರೆನ್ನುವ ಮಾತನ್ನು ಅಜ್ಜಿ ನನಗೆ ಕೊಟ್ಟಿರಲಿಲ್ಲ. ನಾನೇ ತಂದದ್ದು. ಅದನ್ನು ಬರಿಯ ಗಾಳಿ ಎಂದುಬಿಟ್ಟರೆ ನಿನ್ನೆಯ ಉಂಡೆಗೂ ಈ ಹೆಂಗಸಿನ ಮನಸ್ಸಿನಲ್ಲಿ ಅದೇ ಗತಿ. ಅವರು ತುಮಕೂರಿನವರೆಗೂ ಆ ಅನುಮಾನ ಹೊತ್ತುಕೊಂಡು ಹೋಗಬೇಕು.

“ನೀರು ಬಿಡುವಾಗ ನಿಮ್ಮ ಮನಸ್ಸೆಲ್ಲಿತ್ತು ತಾಯಿ?”

“ಇನ್ನೆಲ್ಲಿರತ್ತೆ? ಬದ್ನೆಕಾಯಲ್ಲಿ.”

“ಹಾಗಾದ್ರೆ ನೀವು ಬಿಟ್ಟಿದ್ದು ಬದನೆಕಾಯಿ. ನಿಮ್ಮ ಕಾರಲ್ಲಿ ನೀವು ಧಾರಾಳವಾಗಿ ಓಡಾಡಿ. ಆ ಮಾತಿನ ಹಿಂದೆ ಇದ್ದದ್ದು ನನ್ನ ಮನಸ್ಸು. ಕಾರು ಬಿಟ್ಟವನು ನಾನು.”

“ನಿಮ್ಗೆ ಕಾರಿತ್ತಾ?”

“ಸಂಜೆ ಮುಂಗಡ ಕೊಡೋದಿತ್ತು.”

“ಅಯ್ಯೋ ಪಾಪ,” ಎಂದರು ಅಜ್ಜಿ. “ಆಗ್ಲಿ ಬಿಡಿ, ಇಬ್ರೂ ಇಷ್ಟವಾದ್ದೇ ಬಿಟ್ವಿ,” ಎಂದು ಮಗನ ಭುಜ ಹಿಡಿದು ಎದ್ದರು.

ಮನೆಗೆ ಹೋದರೆ ಬುದ್ಧಿ ಇನ್ನೊಂದು ದಾರಿ ಹುಡುಕೀತೆಂದು ಘಾಟಿನಿಂದ ನೇರವಾಗಿ ಗೋದೌಲಿಯಾ ಚೌಕಕ್ಕೆ ನಡೆದು, ಅಲ್ಲಿಂದ ಆಟೋ ಹಿಡಿದು ಸಾರನಾಥಕ್ಕೆ ಹೋದೆ. ಜಮೀನ್ದಾರರು ಕಾರನ್ನು ತೊಳೆಸಿ ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿದ್ದರು. ಕೊಳ್ಳುವುದಿಲ್ಲ ಎಂದೆ. ಚೌಕಾಸಿ ಎಂದುಕೊಂಡರೇನೋ, ನಕ್ಕರು.

“ಒಂದು ಸ್ಕೂಟರಿನ ದುಡ್ಡಿದೆಯಲ್ಲ, ಪಂಡಿತ್‌ಜೀ? ಅಷ್ಟೇ ಕೊಡಿ. ನನಗೂ ಇದನ್ನು ಕಾಯುವ ವಯಸ್ಸು ಮುಗಿಯಿತು.”

ನನ್ನ ಹತ್ತಿರ ಸರಿಯಾಗಿ ಅಷ್ಟೇ ಇತ್ತು. “ಪುಕ್ಕಟೆ ಕೊಟ್ಟರೂ ಆಗುವುದಿಲ್ಲ,” ಎಂದೆ. “ಗಂಗೆಗೆ ಹೇಳಿಬಿಟ್ಟಿದ್ದೇನೆ.”

ಬೇರೆ ಊರಿನವನಾದರೆ ಕಾರಣ ಕೇಳುತ್ತಿದ್ದ. ಅವರು ಬನಾರಸಿನವರು, ತಲೆದೂಗಿದರು. ಆಮೇಲೆ ಕಾರನ್ನು ಮತ್ತೆ ಕೊಟ್ಟಿಗೆಗೆ ಸೇರಿಸಲೆಂದು ಒಳಗೆ ಕೂತು ಕೀಲಿ ತಿರುಗಿಸಿದರು. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.

“ತಳ್ಳುವುದನ್ನೂ ಬಿಟ್ಟಿದ್ದೀರೇನು?”

“ಅದರ ಮಾತು ಬರಲಿಲ್ಲ,” ಎಂದೆ.

ಅವರು ಸ್ಟೇರಿಂಗ್ ಹಿಡಿದರು. ನಾನು ಪಂಚೆ ಎತ್ತಿ ಕಟ್ಟಿ, ಎರಡೂ ಕೈಗಳನ್ನು ಅದರ ಕೆಂಪು ಬೆನ್ನಿಗೆ ಕೊಟ್ಟು ಕೊಟ್ಟಿಗೆಯ ಕಡೆಗೆ ತಳ್ಳಿದೆ. ಬಿಸಿಲಿಗೆ ಕಾದ ತಗಡು ಅಂಗೈ ಸುಡುತ್ತಿತ್ತು. ಒಳಗೆ ಸೇರುವವರೆಗೂ ಕೈ ತೆಗೆಯಲಿಲ್ಲ.