ಬಾಮೈದನ ತೋಳಿಗೆ ಬಿದ್ದ ಸೂಜಿ

ಹಿಟ್ಟಿನ ಗಿರಣಿಯವನನ್ನು ಬೀದಿಯೆಲ್ಲ ಹಿಟ್ಟಣ್ಣ ಅಂತಲೇ ಕರೆಯುತ್ತಿತ್ತು. ಮೂವತ್ತು ವರ್ಷ ಧೂಳು ಕುಡಿದು, ಮೇಲಿಂದ ಸಿಗರೇಟು ಸುಟ್ಟು, ಅವನ ಎದೆ ಹಳೇ ಹಾರ್ಮೋನಿಯಂ ಆಗಿತ್ತು. ಉಸಿರೆಳೆದರೆ ನಾಲ್ಕು ಸ್ವರ ಒಟ್ಟಿಗೇ. ಸಿಗರೇಟು ಬಿಟ್ಟ, ಸ್ವರ ಬಿಡಲಿಲ್ಲ. ಚಳಿಗೆ ಊರು ಸೀನಿದರೆ ಇವನು ಆಸ್ಪತ್ರೆ ಸೇರುತ್ತಿದ್ದ. ಹೋದ ವರ್ಷ ಮೂರು ವಾರ ಮೂಗಿಗೆ ಕೊಳವೆ, ಗಿರಣಿಗೆ ಬೀಗ.

"ಫ್ಲೂ ಇಂಜೆಕ್ಷನ್ ಹಾಕಿಸ್ಕೋ ಮಾರಾಯ. ಇನ್ನೊಂದ್ಸಲ ಹೀಗೆ ಎದೆ ಕೆರಳಿದ್ರೆ ನಿನ್ನನ್ನ ಎಬ್ಬಿಸೋದು ಕಷ್ಟ" ಅಂದಿದ್ದರು ಡಾಕ್ಟರು.

ಮೂಟೆಗೆ ಹೆಗಲು ಕೊಡುವ ಗಂಡಸು ಸೂಜಿ ಕಂಡರೆ ಮಾತ್ರ ಮೂಟೆಯ ಹಿಂದೆ ಅಡಗುತ್ತಿದ್ದ.

ಗಿರಣಿಯಲ್ಲಿ ಒಂದು ರೂಢಿ. ಜನ ಸಾಲಿನಲ್ಲಿ ಡಬ್ಬ ಇಟ್ಟು ಮನೆಗೆ ಹೋಗುತ್ತಾರೆ. ಡಬ್ಬ ನಿಂತರೆ ಆಳು ನಿಂತ ಹಾಗೆ. ಹಿಟ್ಟಣ್ಣ ಬಾಮೈದನ ಕೈಗೆ ತನ್ನ ಹೆಸರಿನ ಇಂಜೆಕ್ಷನ್ ಚೀಟಿ ತುರುಕಿ, "ಆರೋಗ್ಯ ಕೇಂದ್ರದಲ್ಲಿ ಸಾಲು ಹಿಡಿದಿರು, ಬಂದೆ" ಅಂದ. ಬರಲಿಲ್ಲ. ಸಾಲು ಮುಂದೆ ಸರಿಯಿತು. ಹೊಸ ನರ್ಸು ಚೀಟಿ ನೋಡಿದಳು, ತೋಳು ಎಳೆದಳು, ಚುಚ್ಚಿಯೇಬಿಟ್ಟಳು. ಬಾಮೈದ ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಒತ್ತಿಯಾಗಿತ್ತು.

ಸಂಜೆ ತನ್ನ ತಮ್ಮ ತೋಳು ಹಿಡಿದು ನರಳುವುದನ್ನು ಕಂಡು ಹಿಟ್ಟಣ್ಣನ ಹೆಂಡತಿ ಕೇಳಿದಳು, "ರೀ, ನಿಮ್ಮ ಇಂಜೆಕ್ಷನ್ನಿಗೆ ಇವನ್ಯಾಕೆ ನರಳ್ತಿದ್ದಾನೆ?"

"ಚೀಟೀಲಿ ನನ್ನ ಹೆಸರೇ ಇದೆಯಲ್ಲೇ! ಆಯ್ತಲ್ಲ!"

"ಅಕ್ಕಾ, ಭಾವನಿಗೆ ಜ್ವರದ ಮಾತ್ರೆನೂ ನಾನೇ ನುಂಗ್ಬೇಕಾ?"

"ಹೌದು ಕಣೋ. ನಾಳೆ ಇವರು ಉಸಿರು ಕಟ್ಟಿ ಬಿದ್ರೆ ಉಸಿರೂ ನೀನೇ ಎಳಿ."

ಮಾರನೇ ಬೆಳಿಗ್ಗೆ ಗಿರಣಿ ಮುಂದೆ ಇಪ್ಪತ್ತು ಡಬ್ಬ, ಎಲ್ಲ ಬೋರಲು. ಅವುಗಳ ಮೇಲೆ ಬೀದಿಯ ಹೆಂಗಸರು ಕೂತಿದ್ದರು. ನಡುವೆ ಹೆಂಡತಿ.

"ಹೋದ ವರ್ಷ ನೀನು ಮಲಗಿದ್ದಕ್ಕೆ ಕಾಳು ಹೊತ್ಕೊಂಡು ಮೂರು ಮೈಲಿ ನಡೆದ್ವಿ" ಅಂದಳು ದರ್ಜಿಯ ಅತ್ತೆ. "ಸೂಜಿ ಒಳಗೆ ಹೋಗೋವರೆಗೂ ಒಂದು ಕಾಳೂ ನಿನ್ನ ಕಲ್ಲಿಗೆ ಬೀಳಲ್ಲ."

"ಹಾಕಿಸ್ಕೊಂಡ್ರೆ ಕೆಮ್ಮು ಪೂರ್ತಿ ಹೋಗುತ್ತಾ? ಹೇಳಿ!"

"ಹೋಗಲ್ಲ" ಅಂದಳು, ಇಂಜೆಕ್ಷನ್ ಪೆಟ್ಟಿಗೆ ಹಿಡಿದು ಬಂದಿದ್ದ ನರ್ಸು. ಮೋಸ ಹೋದ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಫ್ಲೂ ಬಂದು ಎದೆ ಕೆರಳೋದು ಕಮ್ಮಿ ಆಗುತ್ತೆ. ಪ್ರತಿ ವರ್ಷ ಹಾಕಿಸ್ಬೇಕು. ಈ ಸಲ ನಿಮ್ಮ ತೋಳಿಗೇ."

ಹಿಟ್ಟಣ್ಣ ಕಣ್ಣು ಮುಚ್ಚಿ ಬೊಬ್ಬೆ ಹೊಡೆದ.

"ಇನ್ನೂ ಹತ್ತೀಲಿ ಒರೆಸ್ತಿದ್ದೀನಿ ಕಣ್ರೀ!"

ಆ ಚಳಿಗಾಲ ಬೀದಿಯೆಲ್ಲ ಸೀನಿತು. ಹಿಟ್ಟಣ್ಣನೂ ಕೆಮ್ಮಿದ, ಆದರೆ ನಿಂತುಕೊಂಡೇ ಕೆಮ್ಮಿದ. ಒಂದು ಮಧ್ಯಾಹ್ನ ಗಿರಣಿಯ ಸದ್ದು ತಟ್ಟನೆ ನಿಂತಿತು. ಮನೆಮನೆಯ ಅಡುಗೆಮನೆಯಲ್ಲೂ ಸೌಟು ನಿಂತಿತು. ಹೆಂಡತಿ ಬರಿಗಾಲಲ್ಲೇ ಓಡಿದಳು. ಒಳಗಿಂದ ಗೊಗ್ಗರು ದನಿ ಬಂತು:

"ಸತ್ತಿಲ್ಲ ಕಣ್ರಮ್ಮಾ! ಬಾಯಿಗೆ ಉಸಿರಿನ ಔಷಧಿ ಪಂಪು ಹೊಡ್ಕೊಳ್ತಿದ್ದೀನಿ, ಅಷ್ಟಕ್ಕೂ ಬಿಡಲ್ವಾ?"

ಕಲ್ಲು ಮತ್ತೆ ತಿರುಗಿತು.