ಸಣ್ಣಮಾದಯ್ಯನವರ ಗಟ್ಟಿಮೇಳ

ಜಾಝ್ ಅಂದರೆ ಏನೆಂದು ಸಣ್ಣಮಾದಯ್ಯನವರಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ. ನನಗೆ ಗೊತ್ತು ಎಂಬ ಜಂಬ ನನಗಿತ್ತು. ಕೆಟ್ಟಿದ್ದೇ ಅಲ್ಲಿ.

ಅವರು ಮೈಸೂರಿನ ಅಶೋಕಪುರಂನವರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮುಹೂರ್ತದ ದಿನ ರಜೆ ಹಾಕಿ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. 1993ರಲ್ಲಿ ನಾನೂ ಮೃದಂಗದ ಶಿವಕುಮಾರನೂ ‘ಒಂಟಿಕೊಪ್ಪಲು ಫ್ಯೂಷನ್’ ಅಂತ ಗುಂಪು ಕಟ್ಟಿಕೊಂಡು, ನಾನು ಗಿಟಾರ್ ಹಿಡಿದು ಮೆರೆಯುತ್ತಿದ್ದೆ. ಒಂದು ಛತ್ರದ ಬಾಗಿಲಲ್ಲಿ ಅವರು ಊದುವುದನ್ನು ಕೇಳಿದವನೇ ಬೆನ್ನು ಬಿದ್ದೆ.

ಬರುತ್ತೇನೆ ಎಂದರು. ಕೇಳಿದ್ದು ಒಂದೇ: ಮೊದಲ ಕ್ಯಾಸೆಟ್ಟಿನ ಕೊನೆಯಲ್ಲಿ ಒಂದು ಗಟ್ಟಿಮೇಳ ಇರಬೇಕು.

“ಮಗಳ ಮದ್ವೇಲಿ ನಾನು ಧಾರೆ ಎರೀಬೇಕು ಕಣಪ್ಪ, ಊದಕ್ಕಾಗಲ್ಲ. ಊರೋರ ಮಕ್ಕಳಿಗೆಲ್ಲ ಊದಿವ್ನಿ. ನಮ್ ಪದ್ಮಂಗೂ ನನ್ನ ಗಟ್ಟಿಮೇಳನೇ ಆಗ್ಬೇಕು. ಕ್ಯಾಸೆಟ್ ಇದ್ರೆ ಹಾಕ್ಬೋದು.”

ಇದು ಜಾಝ್, ಛತ್ರವಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಸರಸ್ವತಿಪುರಂನ ಒಂದು ರೂಮಿನಲ್ಲಿ ರೆಕಾರ್ಡಿಂಗ್. ಐದು ಗಂಟೆಗೆ ಭಜನೆಯವರು ಬರುವುದಿತ್ತು, ಹಾಗಾಗಿ ಕೊನೆಯ ಹಾಡನ್ನು ಒಂದೇ ಸಲಕ್ಕೆ ಮುಗಿಸಬೇಕು. ಚೆನ್ನಾಗಿ ಏರಿತ್ತು. ಇನ್ನೊಂದೇ ನಿಮಿಷ ಉಳಿದಿದೆ ಎಂದು ತಿಳಿಸಲು ರೆಕಾರ್ಡಿಂಗಿನ ರುದ್ರಸ್ವಾಮಿ ಗಾಜಿನಾಚೆಯಿಂದ ತೋರುಬೆರಳೆತ್ತಿ ಅಲ್ಲಾಡಿಸಿದ.

ಮದುವೆ ಮನೆಯ ಗದ್ದಲದಲ್ಲಿ ಬ್ಯಾಂಡಿನವರಿಗೆ ಯಾರ ಕೂಗೂ ಕೇಳಿಸುವುದಿಲ್ಲ. ಅವರು ಬೆರಳು ನೋಡುತ್ತಾರೆ. ಮಂಟಪದ ಹತ್ತಿರ ಯಾರಾದರೂ ಬೆರಳೆತ್ತಿ ಅಲ್ಲಾಡಿಸಿದರೆ ತಾಳಿ ಕಟ್ಟುವ ಹೊತ್ತಾಯಿತು ಎಂದರ್ಥ. ಯಾವ ಹಾಡಿದ್ದರೂ ಅರ್ಧಕ್ಕೆ ಬಿಟ್ಟು ಗಟ್ಟಿಮೇಳ ಬಾರಿಸಬೇಕು. ಸಣ್ಣಮಾದಯ್ಯನವರು ಹಾಡು ಬಿಟ್ಟು ಗಟ್ಟಿಮೇಳ ಊದಿದರು. ಶಿವಕುಮಾರನ ಮೃದಂಗವೂ ಜೊತೆಗೆ ಮೊಳಗಿತು. ನಾನು ಬೈದದ್ದು ಮಾತ್ರ ಅವರೊಬ್ಬರನ್ನೇ.

“ಬೇಡ ಅಂದಿದ್ದನ್ನ ಬೇಕಂತ್ಲೇ ಮಾಡಿದ್ರಲ್ಲ!”

“ಬೆರಳೆತ್ತಿದ್ರು ಕಣಪ್ಪ. ಕೈ ತಾನಾಗೇ ಹೋಗ್ಬುಡ್ತು.”

ನಾನು ನಂಬಲಿಲ್ಲ. ಗಟ್ಟಿಮೇಳಕ್ಕೆ ಮೊದಲೇ ಸದ್ದು ಇಳಿಸಿ ಹಾಡು ಮುಗಿಸಿ, ಕ್ಯಾಸೆಟ್ ಹೊರತಂದೆವು. ಅವರಿಗೂ ಒಂದು ಕೊಟ್ಟೆ. ಎರಡೂ ಕೈಯಲ್ಲಿ ಇಸಿದುಕೊಂಡರು, ಆಮೇಲೆ ನಮ್ಮ ಕಡೆ ಬರಲಿಲ್ಲ. ಅವರಿಲ್ಲದೆ ಎರಡನೇ ಕ್ಯಾಸೆಟ್ ಆಗಲೇ ಇಲ್ಲ.

ಮೂರು ವರ್ಷದ ನಂತರ ಪದ್ಮಾವತಿಯ ಮದುವೆ. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದೆ ಮನೆಗೇ ಬಂದು ಕರೆದಿದ್ದರು. ಬೆರಳೆದ್ದಿತು, ಬೇರೆ ಯಾರೋ ಊದಿದರು. ಮಂಟಪದಲ್ಲಿ ಧಾರೆ ಚೊಂಬಿನ ಮೇಲೆ ಸಣ್ಣಮಾದಯ್ಯನವರ ಬೆರಳುಗಳು ಸ್ಯಾಕ್ಸೊಫೋನಿನ ಕೀಲಿ ಒತ್ತುವ ಹಾಗೆ ಆಡುತ್ತಿದ್ದವು. ನೋಡಿದೆ. ನೋಡಿಯೂ ಊಟ ಮಾಡಿಕೊಂಡು ಬಂದೆ, ನಾಚಿಕೆಗೆಟ್ಟವನು.

2005ರಲ್ಲಿ, ಹೆಬ್ಬಾಳದ ಫ್ಯಾಕ್ಟರಿ ಸೇರಿ ಗಿಟಾರ್ ಮರೆತಿದ್ದ ಕಾಲದಲ್ಲಿ, ಮನೆ ಬದಲಾಯಿಸುವಾಗ ಆ ದಿನದ ಮೂಲ ಕ್ಯಾಸೆಟ್ ಸಿಕ್ಕಿತು. ಹಾಕಿ ಕೇಳಿದೆ. ಸ್ಯಾಕ್ಸೊಫೋನ್ ಗಟ್ಟಿಮೇಳಕ್ಕೆ ಹೊರಳಿತು, ಮೃದಂಗ ಹೊರಳಿತು, ಅವುಗಳ ಹಿಂದೆಯೇ ಗಿಟಾರೂ ಓಡಿತ್ತು. ನಾಲ್ಕೇ ಏಟು, ಆದರೆ ಅದು ನನ್ನದೇ ಗಿಟಾರು. ಮೈಸೂರಿನ ಮದುವೆಗಳಲ್ಲಿ ಬೆಳೆದ ನನ್ನ ಕೈಯೂ ತಾನಾಗೇ ಹೋಗಿತ್ತು! ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಅನ್ನಿಸಿತು.

ಟೇಪ್ ರೆಕಾರ್ಡರ್ ಹಿಡಿದು ಅಶೋಕಪುರಂಗೆ ಹೋದೆ. ಅವರಿಗೆ ಹಲ್ಲು ಹೋಗಿ ಊದುವುದು ನಿಂತಿತ್ತು. ಸ್ಯಾಕ್ಸೊಫೋನು ಹೆಂಡತಿ ಮಂಚಮ್ಮನವರ ಹಳೇ ಸೀರೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು. ತಪ್ಪಾಯಿತು ಎಂದು ಕೈಮುಗಿದು ಕ್ಯಾಸೆಟ್ ಹಾಕಿದೆ.

ಪೂರ್ತಿ ಕೇಳಿದರು. ಸ್ವಲ್ಪ ಹಿಂದಕ್ಕೆ ತಿರುಗಿಸು ಎಂದು ಕೈಸನ್ನೆ ಮಾಡಿ, ಇಲವಾಲದಲ್ಲಿದ್ದ ಮಗಳಿಗೆ ಫೋನ್ ಹಚ್ಚಿದರು. ಆ ಕಡೆ ಅವಳು ಗಾಬರಿಯಿಂದ ಏನೋ ಕೇಳುತ್ತಿದ್ದಳು. ಅವರು ರಿಸೀವರನ್ನು ಟೇಪಿನ ಹತ್ತಿರ ತಂದು, ಗಂಟಲು ಸರಿಮಾಡಿಕೊಂಡರು.

“ಪದ್ಮ, ತಾಳಿ ಹಿಡ್ಕೊ ಕಣವ್ವ. ಈಗ ಬತ್ತದೆ.”